ಸೋತವರೂ ಸೇರಿ ಕಟ್ಟಿದ ಚಾಂಪಿಯನ್‌ಷಿಪ್

ಒಂದು ಹುದ್ದೆಗೆ ಸಾವಿರ ಅರ್ಜಿ ಬಂದವು ಎಂದರೆ ನಮ್ಮಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಅದು ದಿನಾ ಕೇಳುವ ಸುದ್ದಿ. ಒಂದು ಆಟದಲ್ಲೂ ಹೀಗೇ ಆದರೆ? ಪ್ರತಿ ಚಳಿಗಾಲ ಹಲವಾರು ತಂಡಗಳು ಹೆಸರು ಕೊಡುತ್ತವೆ. ಮುಂದಿನ ಹಂತಕ್ಕೆ ಹೋಗುವುದು ಒಂದೇ ತಂಡ. ಉಳಿದವರು ಮನೆಗೆ ಹೋಗುತ್ತಾರೆ, ಮುಂದಿನ ಚಳಿಗಾಲ ಮತ್ತೆ ಬರುತ್ತಾರೆ. ನೂರು ವರ್ಷದಿಂದ ಇದು ನಡೆದಿದೆ. ಕೆನಡಾದ ಮ್ಯಾನಿಟೋಬಾ ಪ್ರಾಂತ್ಯದ ಪುರುಷರ ಕರ್ಲಿಂಗ್ ಚಾಂಪಿಯನ್‌ಷಿಪ್‌ನ ಕಥೆ ಇದು.

ಪ್ರಾಂತ್ಯ ಎಂದರೆ ನಮ್ಮ ರಾಜ್ಯ ಇದ್ದ ಹಾಗೆ. ವಿಸ್ತೀರ್ಣದಲ್ಲಿ ಮ್ಯಾನಿಟೋಬಾ ಕರ್ನಾಟಕದ ಮೂರು ಪಟ್ಟಿಗಿಂತ ದೊಡ್ಡದು. ಜನಸಂಖ್ಯೆ ಮಾತ್ರ ಸುಮಾರು ಹದಿನೈದು ಲಕ್ಷ. ಇಷ್ಟು ಕಡಿಮೆ ಜನರಿರುವ ಪ್ರಾಂತ್ಯ 1928ರಿಂದ 2011ರ ನಡುವೆ ಕೆನಡಾದ ರಾಷ್ಟ್ರೀಯ ಪ್ರಶಸ್ತಿಯನ್ನು 27 ಬಾರಿ ಗೆದ್ದಿದೆ. ಹೇಗೆ ಎಂಬ ಪ್ರಶ್ನೆ ಹಿಡಿದು ಹೊರಟವನಿಗೆ ಸಿಕ್ಕ ಉತ್ತರ ಗೆದ್ದವರಿಗಿಂತ ಹೆಚ್ಚಾಗಿ ಸೋತವರ ಬಗ್ಗೆ ಇತ್ತು.

ನಾನಿರುವುದು ಧಾರವಾಡದ ಸಪ್ತಾಪುರದಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಂದಲೇ ತುಂಬಿದ ಬಡಾವಣೆ. ನನ್ನ ಚಿಕ್ಕಪ್ಪನ ಮಗ ಮ್ಯಾನಿಟೋಬಾದ ರಾಜಧಾನಿ ವಿನ್ನಿಪೆಗ್‌ನಲ್ಲಿ ಎಂ.ಎಸ್. ಓದುತ್ತಿದ್ದಾನೆ. ಹೋದ ಜನವರಿಯಲ್ಲಿ ಒಂದು ವಿಡಿಯೊ ಕಳಿಸಿ, ಜೊತೆಗೆ ದನಿ ಸಂದೇಶ ಹಾಕಿದ್ದ: ‘ತಮ್ಮಾ, ಇಲ್ಲಿ ಮಂದಿ ಐಸ್ ಮ್ಯಾಲೆ ಕಲ್ಲು ಜಾರಸ್ತಾರ, ಅದರ ಮುಂದ ಇಬ್ಬರು ಕಸಬರಿಗಿ ಹಿಡಕೊಂಡು ಓಡ್ತಾರ. ಇದಕ್ಕ ರಾಜ್ಯಮಟ್ಟದ ಪಂದ್ಯನೂ ಐತಿ ನೋಡು!’ ಮೊದಲು ನಕ್ಕೆ. ಆಮೇಲೆ ಓದತೊಡಗಿದೆ.

ಗೋಲಿ, ಕೇರಂ ಮತ್ತು ಕಸಬರಿಗೆ

ಆಟ ಅರ್ಥವಾಗಬೇಕಾದರೆ ನಮ್ಮ ಗೋಲಿ ಮತ್ತು ಕೇರಂ ನೆನಪಿಸಿಕೊಂಡರೆ ಸಾಕು. ಸುಮಾರು 45 ಮೀಟರ್ ಉದ್ದದ ಮಂಜುಗಡ್ಡೆಯ ಪಟ್ಟಿ. ಅದರ ಕೊನೆಯಲ್ಲಿ ಬಣ್ಣದ ವೃತ್ತಗಳು. ಇದಕ್ಕೆ ‘ಹೌಸ್’ ಎನ್ನುತ್ತಾರೆ, ಮನೆ! ಒಂದು ತಂಡದಲ್ಲಿ ನಾಲ್ವರು. ಒಬ್ಬೊಬ್ಬರಿಗೆ ಎರಡೆರಡು ಗ್ರಾನೈಟ್ ಕಲ್ಲು, ಒಂದೊಂದೂ 19 ಕಿಲೋ ಆಸುಪಾಸು. ಎರಡೂ ತಂಡದ ಹದಿನಾರು ಕಲ್ಲು ಮುಗಿದಾಗ ವೃತ್ತದ ನಡುಬಿಂದುವಿಗೆ ಯಾರ ಕಲ್ಲು ಹತ್ತಿರವಿದೆಯೋ ಅವರಿಗೆ ಅಂಕ. ಎದುರಾಳಿಯ ಕಲ್ಲನ್ನು ಹೊಡೆದು ಹೊರಹಾಕಬಹುದು, ನಮ್ಮ ಕಲ್ಲಿಗೆ ಇನ್ನೊಂದನ್ನು ಕಾವಲು ನಿಲ್ಲಿಸಬಹುದು. ಹೀಗೆ ಹತ್ತು ಸುತ್ತು.

ಕಸಬರಿಗೆಯ ಕೆಲಸವೇನು? ಮಂಜುಗಡ್ಡೆಯ ಮೇಲೆ ನೀರಿನ ಹನಿ ಸಿಂಪಡಿಸಿ ಸಣ್ಣ ಸಣ್ಣ ಗುಬುಟುಗಳಾಗುವಂತೆ ಮಾಡಿರುತ್ತಾರೆ. ಕಲ್ಲು ಅದರ ಮೇಲೆ ತಿರುಗುತ್ತಾ, ನಿಧಾನಕ್ಕೆ ಬಾಗುತ್ತಾ ಹೋಗುತ್ತದೆ. ಮುಂದೆ ಬಿರುಸಾಗಿ ಉಜ್ಜಿದರೆ ಆ ಜಾಗ ತುಸು ಬಿಸಿಯಾಗಿ ಘರ್ಷಣೆ ತಗ್ಗುತ್ತದೆ. ಕಲ್ಲು ಇನ್ನಷ್ಟು ದೂರ, ಇನ್ನಷ್ಟು ನೇರ ಸಾಗುತ್ತದೆ. ‘ಸ್ಕಿಪ್’ ಎಂದು ಕರೆಯುವ ನಾಯಕ ಆ ತುದಿಯಲ್ಲಿ ನಿಂತು ‘ಉಜ್ಜಿ’, ‘ಬಿಡಿ’ ಎಂದು ಕೂಗುತ್ತಿರುತ್ತಾನೆ. ಎಸೆದವನ ಕೈಯಿಂದ ಕಲ್ಲು ಹೊರಟ ಮೇಲೂ ಅದರ ಭವಿಷ್ಯ ಪೂರ್ತಿ ತೀರ್ಮಾನವಾಗಿರುವುದಿಲ್ಲ ಎಂಬುದೇ ಈ ಆಟದ ಸೊಗಸು.

ಸೋತವರು ಕೊಟ್ಟ ಪೀಪಾಯಿ

ಈ ಆಟ ಹುಟ್ಟಿದ್ದು ಸ್ಕಾಟ್ಲೆಂಡ್‌ನಲ್ಲಿ. ಅಲ್ಲಿಂದ ವಲಸೆ ಬಂದವರು ಕೆನಡಾಕ್ಕೆ ತಂದರು. ವಿನ್ನಿಪೆಗ್‌ನಲ್ಲಿ ಮೊದಲ ಪಂದ್ಯ ನಡೆದದ್ದು 1876ರ ಡಿಸೆಂಬರಿನಲ್ಲಿ. ಪಣ ಏನು ಗೊತ್ತೇ? ಸೋತವರು ಒಂದು ಪೀಪಾಯಿ ಓಟ್ಸ್ ನುಚ್ಚು ಕೊಡಬೇಕು, ಅದು ಊರಿನ ಆಸ್ಪತ್ರೆಗೆ ಹೋಗಬೇಕು. ಸೋಲಿನಿಂದಲೂ ಊರಿಗೆ ಉಪಯೋಗವಾಯಿತು.

ಬಯಲು ಸೀಮೆಯ ಆ ಪ್ರಾಂತ್ಯದಲ್ಲಿ ಗೋಧಿ ಬೆಳೆಯುವ ರೈತರೇ ಹೆಚ್ಚು. ಚಳಿಗಾಲದಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೂ ಇಳಿಯುವ ಚಳಿ. ಹೊಲದಲ್ಲಿ ಕೆಲಸವಿಲ್ಲ, ಮಂಜುಗಡ್ಡೆಗೆ ಬರವಿಲ್ಲ. ಸಣ್ಣ ಊರುಗಳಲ್ಲೂ ಕರ್ಲಿಂಗ್ ಅಂಗಳಗಳು ಎದ್ದವು. ನಮ್ಮ ಕಡೆಯ ಊರುಗಳಲ್ಲಿ ಗರಡಿಮನೆ ಇದ್ದಂತೆ. 1888ರಲ್ಲಿ ಮ್ಯಾನಿಟೋಬಾದ ಕ್ಲಬ್‌ಗಳು ಸೇರಿ ತಮ್ಮದೇ ಸಂಘ ಕಟ್ಟಿಕೊಂಡವು. ಮರುವರ್ಷವೇ ವಿನ್ನಿಪೆಗ್‌ನಲ್ಲಿ ‘ಬಾನ್‌ಸ್ಪೀಲ್’ ಆರಂಭವಾಯಿತು. ಬಾನ್‌ಸ್ಪೀಲ್ ಎಂದರೆ ಕರ್ಲಿಂಗ್ ಜಾತ್ರೆ ಅನ್ನಿ. ದೂರದ ಊರುಗಳಿಂದ ಬಂದವರು ದಿನಗಟ್ಟಲೆ ಆಡುತ್ತಿದ್ದರು. 1988ರ ನೂರನೇ ಬಾನ್‌ಸ್ಪೀಲ್‌ಗೆ ಸಾವಿರಕ್ಕೂ ಹೆಚ್ಚು ತಂಡಗಳು ಬಂದಿದ್ದವು.

ಬಾಗಿಲು ತೆರೆದ ತಂಬಾಕು ಕಂಪನಿ

ಇಷ್ಟಾದರೂ ಗೆದ್ದವರಿಗೆ ಮುಂದಿನ ಮೆಟ್ಟಿಲೇ ಇರಲಿಲ್ಲ. ಅದನ್ನು ಕಟ್ಟಿದ್ದು ಮ್ಯಾಕ್‌ಡೊನಾಲ್ಡ್ ಎಂಬ ತಂಬಾಕು ಕಂಪನಿ. ಅದರ ಪರವಾಗಿ ವಿನ್ನಿಪೆಗ್‌ನಲ್ಲಿ ವ್ಯವಹಾರ ನೋಡುತ್ತಿದ್ದ ಜಾರ್ಜ್ ಕ್ಯಾಮೆರಾನ್ ಒಂದು ಯೋಜನೆ ಮುಂದಿಟ್ಟರು: ಬಾನ್‌ಸ್ಪೀಲ್‌ನಲ್ಲಿ ಕಂಪನಿಯ ಹೆಸರಿನ ಟ್ರೋಫಿ ಗೆದ್ದ ತಂಡವನ್ನು ಪೂರ್ವ ಕೆನಡಾಕ್ಕೆ ಪ್ರವಾಸ ಕಳಿಸೋಣ. 1925ರಲ್ಲಿ ಹೊವಾರ್ಡ್ ವುಡ್ ನಾಯಕತ್ವದ ತಂಡ ಹಾಗೆ ಹೋಗಿಬಂತು. ಮ್ಯಾನಿಟೋಬಾ ಚಾಂಪಿಯನ್ನರ ಪಟ್ಟಿ ಶುರುವಾಗುವುದು ಅಲ್ಲಿಂದಲೇ.

ಆ ಯೋಜನೆಯೇ ಬೆಳೆದು 1927ರಲ್ಲಿ ಟೊರಾಂಟೊದಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆಯಿತು. ಹೆಸರು ‘ಬ್ರಯರ್’. ಅದು ಕಂಪನಿಯ ಒಂದು ತಂಬಾಕಿನ ಬ್ರ್ಯಾಂಡು! ತಮಾಷೆ ಎಂದರೆ ಮೊದಲ ವರ್ಷ ಮ್ಯಾನಿಟೋಬಾಕ್ಕೆ ಅಲ್ಲಿ ಸ್ವಂತ ಜಾಗವಿರಲಿಲ್ಲ. ಇಡೀ ಪಶ್ಚಿಮ ಕೆನಡಾಕ್ಕೆ ಒಂದೇ ಸೀಟು, ಅದಕ್ಕೆ ಹೋದದ್ದು ನೆರೆಯ ಸಸ್ಕ್ಯಾಚೆವನ್‌ನ ತಂಡ.

1928ರಲ್ಲಿ ಮ್ಯಾನಿಟೋಬಾ ತನ್ನ ಹೆಸರಿನಲ್ಲೇ ಆಡಿತು. ಆಮೇಲೆ ಏನಾಯಿತು ನೋಡಿ. 1928 ಮತ್ತು 1929ರಲ್ಲಿ ಗಾರ್ಡನ್ ಹಡ್ಸನ್, 1930ರಲ್ಲಿ ಹೊವಾರ್ಡ್ ವುಡ್, 1931ರಲ್ಲಿ ಬಾಬ್ ಗೌರ್ಲಿ, 1932ರಲ್ಲಿ ಜಿಮ್ಮಿ ಕಾಂಗಲ್ಟನ್. ಸತತ ಐದು ವರ್ಷ ರಾಷ್ಟ್ರೀಯ ಪ್ರಶಸ್ತಿ ಮ್ಯಾನಿಟೋಬಾಕ್ಕೆ!

ನಾನು ಈ ಪಟ್ಟಿಯನ್ನು ಎರಡು ಸಲ ಓದಿದೆ. ಐದು ವರ್ಷ, ನಾಲ್ವರು ನಾಯಕರು. ಒಬ್ಬ ಅಸಾಧಾರಣ ಆಟಗಾರನ ದರ್ಬಾರು ಇದಲ್ಲ. ಕಳೆದ ವರ್ಷ ದೇಶ ಗೆದ್ದವನನ್ನು ಈ ವರ್ಷ ತನ್ನ ಪ್ರಾಂತ್ಯದಲ್ಲೇ ಇನ್ನೊಬ್ಬ ಸೋಲಿಸಿ, ತಾನೂ ಹೋಗಿ ದೇಶ ಗೆದ್ದು ಬರುತ್ತಿದ್ದ. ಅಂದರೆ ಆ ವರ್ಷ ಪ್ರಾಂತ್ಯದ ಫೈನಲ್‌ನಲ್ಲೋ ಅದಕ್ಕೂ ಮುಂಚೆಯೋ ಸೋತವರು ಎಂಥವರಿರಬೇಕು? ಅವರ ಹೆಸರು ರಾಷ್ಟ್ರೀಯ ಪಟ್ಟಿಯಲ್ಲಿಲ್ಲ. ಆದರೆ ಗೆದ್ದವರನ್ನು ಹದಗೊಳಿಸಿದ್ದು ಅವರೇ.

ವರ್ಷಗಳು ಕಳೆದಂತೆ ಆಯ್ಕೆಯ ವ್ಯವಸ್ಥೆ ಬದಲಾಯಿತು. ಪ್ರಾಂತ್ಯವನ್ನು ವಲಯಗಳಾಗಿ ವಿಂಗಡಿಸಿ, ಅಲ್ಲಿ ಗೆದ್ದವರನ್ನು ಅಂತಿಮ ಹಂತಕ್ಕೆ ಕರೆಯುವ ಕ್ರಮ ಬಂತು. ಸಣ್ಣ ಊರಿನವರೂ ಮುನ್ನುಗ್ಗಿದರು. ಆಬ್ ಗೊವಾನ್‌ಲಾಕ್ 1938ರಲ್ಲಿ ಗ್ಲೆನ್‌ಬೊರೊ ಎಂಬ ಪುಟ್ಟ ಊರಿನಿಂದ ಹೋಗಿ ಬ್ರಯರ್ ಗೆದ್ದರು. ಹದಿನೈದು ವರ್ಷದ ನಂತರ, 1953ರಲ್ಲಿ, ಡಾಫಿನ್ ಎಂಬ ಇನ್ನೊಂದು ಊರಿನಿಂದ ಬಂದು ಮತ್ತೆ ಗೆದ್ದರು. ಶಿಕ್ಷಕರಾಗಿದ್ದ ಕೆನ್ ವಾಟ್ಸನ್ 1936, 1942 ಮತ್ತು 1949ರಲ್ಲಿ ಗೆದ್ದು, ಬ್ರಯರ್ ಅನ್ನು ಮೂರು ಬಾರಿ ಗೆದ್ದ ಮೊದಲ ನಾಯಕ ಎನಿಸಿದರು. ಕಲ್ಲು ಬಿಡುವಾಗ ಮಂಜಿನ ಮೇಲೆ ಉದ್ದಕ್ಕೆ ಜಾರುತ್ತಾ ಹೋಗುವ ಶೈಲಿಯನ್ನು ಜನಪ್ರಿಯಗೊಳಿಸಿದವರು ಅವರೇ. ಆಮೇಲೆ 1950ರಲ್ಲಿ ಆಟದ ಬಗ್ಗೆ ಪುಸ್ತಕವನ್ನೂ ಬರೆದರು. ತನ್ನ ಗುಟ್ಟನ್ನು ಮುಚ್ಚಿಡದೆ ಎದುರಾಳಿಗಳಿಗೂ ಕಲಿಸಿಕೊಟ್ಟ ಹಾಗೆ!

ಗೆದ್ದದ್ದಕ್ಕೇ ಬಾಗಿಲು ಮುಚ್ಚಿದಾಗ

ವಯೋಮಿತಿಯ ಚಿಂತೆಯಲ್ಲಿರುವ ನನ್ನಂಥವರು ಓದಲೇಬೇಕಾದ ವರ್ಷ 1958.

ಆ ವರ್ಷ ಟೆರ್ರಿ ಬ್ರಾನ್‌ಸ್ಟೀನ್ ಎಂಬ ಹದಿನೆಂಟರ ಹುಡುಗ ತನ್ನ ವಯಸ್ಸಿನವರನ್ನೇ ಕಟ್ಟಿಕೊಂಡು ದೊಡ್ಡವರ ಸ್ಪರ್ಧೆಗೆ ಇಳಿದ. ಅನುಭವಿಗಳನ್ನೆಲ್ಲ ಸೋಲಿಸಿ ಮ್ಯಾನಿಟೋಬಾ ಪ್ರಶಸ್ತಿ ಗೆದ್ದ. ವಿಕ್ಟೋರಿಯಾ ನಗರದ ಬ್ರಯರ್‌ಗೆ ಹೋಗಿ, ಅಲ್ಲಿಯೂ ಅಲ್ಬರ್ಟಾದ ಜೊತೆ ಅಗ್ರಸ್ಥಾನದಲ್ಲಿ ಸಮ ಮಾಡಿಕೊಂಡ. ಕೊನೆಯ ನಿರ್ಣಾಯಕ ಪಂದ್ಯದಲ್ಲಿ ಮಾತ್ರ ಮ್ಯಾಟ್ ಬಾಲ್ಡ್‌ವಿನ್ ಅವರ ಅಲ್ಬರ್ಟಾ ತಂಡಕ್ಕೆ ಸೋತ.

ಶಾಲಾ ಹುಡುಗರ ಈ ಸಾಹಸಕ್ಕೆ ಸಿಕ್ಕ ಬಹುಮಾನ ಏನು? ಇನ್ನು ಮುಂದೆ ಶಾಲಾ ವಿದ್ಯಾರ್ಥಿಗಳು ಬ್ರಯರ್ ಸ್ಪರ್ಧೆಗೆ ಬರುವಂತಿಲ್ಲ ಎಂಬ ನಿಯಮ! ಅವರಿಗೆಂದು 1950ರಿಂದಲೇ ಪ್ರತ್ಯೇಕ ರಾಷ್ಟ್ರೀಯ ಸ್ಪರ್ಧೆ ನಡೆಯುತ್ತಿತ್ತು ನಿಜ. ಆದರೂ ದೊಡ್ಡವರನ್ನು ಸೋಲಿಸಿದ ಮೇಲೆ ‘ನಿಮ್ಮ ಜಾಗ ಅಲ್ಲಿ’ ಎಂದು ತೋರಿಸುವುದು ಎಂಥ ನ್ಯಾಯ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ನಿಯಮಗಳನ್ನು ಬರೆಯುವವರು ಯಾವಾಗಲೂ ಮೇಜಿನ ಆ ಕಡೆಯವರೇ.

ಬ್ರಾನ್‌ಸ್ಟೀನ್ ಆಟ ಬಿಡಲಿಲ್ಲ. ಏಳು ವರ್ಷದ ನಂತರ, 1965ರಲ್ಲಿ, ಮ್ಯಾನಿಟೋಬಾ ಗೆದ್ದು ಬ್ರಯರ್ ಕೂಡ ಗೆದ್ದರು. ಆ ತಂಡದಲ್ಲಿ ಆಡಿದ್ದ ಡಾನ್ ಡುಗಿಡ್ ಮುಂದೆ ತಾವೇ ನಾಯಕರಾಗಿ 1970 ಮತ್ತು 1971ರಲ್ಲಿ ಕೆನಡಾವನ್ನೂ ಗೆದ್ದರು, ವಿಶ್ವ ಚಾಂಪಿಯನ್‌ಷಿಪ್ಪನ್ನೂ ಗೆದ್ದರು. ಡುಗಿಡ್ ಮತ್ತು ಇನ್ನೊಬ್ಬ ಸಹ ಆಟಗಾರ ರೇ ಟರ್ನ್‌ಬುಲ್ ಮುಂದೆ ಟಿ.ವಿ. ವೀಕ್ಷಕ ವಿವರಣೆಕಾರರಾಗಿ ಇಡೀ ಕೆನಡಾಕ್ಕೆ ಪರಿಚಿತರಾದರು. ಒಂದು ತಂಡದಿಂದ ಎಷ್ಟು ದಾರಿಗಳು ಕವಲೊಡೆದವು ನೋಡಿ.

ವಯಸ್ಸಿನ ವಿಷಯ ಬಂದಾಗ ಕೆರ್ರಿ ಬರ್ಟ್ನಿಕ್ ಅವರನ್ನೂ ನೆನೆಯಬೇಕು. 1981ರಲ್ಲಿ, 22ನೇ ವಯಸ್ಸಿನಲ್ಲಿ, ಅವರು ಬ್ರಯರ್ ಗೆದ್ದಾಗ ಅಷ್ಟು ಚಿಕ್ಕ ವಯಸ್ಸಿನ ನಾಯಕ ಅದುವರೆಗೆ ಗೆದ್ದಿರಲಿಲ್ಲ. ಇನ್ನೇನು ಸಾಲು ಸಾಲು ಪ್ರಶಸ್ತಿ ಎಂದುಕೊಳ್ಳುವಿರಾ? ಎರಡನೇ ಬ್ರಯರ್ ಸಿಕ್ಕಿದ್ದು 1995ರಲ್ಲಿ, ಹದಿನಾಲ್ಕು ವರ್ಷ ಬಿಟ್ಟು. ಆ ವರ್ಷದ ವಿಶ್ವ ಚಾಂಪಿಯನ್‌ಷಿಪ್ ಮ್ಯಾನಿಟೋಬಾದ್ದೇ ಬ್ರಾಂಡನ್ ನಗರದಲ್ಲಿ ನಡೆಯಿತು. ತಮ್ಮ ಜನರ ಎದುರಿಗೇ ಅವರು ಅದನ್ನೂ ಗೆದ್ದರು.

ಅದೃಷ್ಟದ ಪಾಲು

ಅದೃಷ್ಟ ಇರುವುದಿಲ್ಲವೇ? ಇರುತ್ತದೆ. 1972ರ ಮ್ಯಾನಿಟೋಬಾ ಮತ್ತು ಕೆನಡಾ ಚಾಂಪಿಯನ್ ಒರೆಸ್ಟ್ ಮೆಲೆಶುಕ್ ಜರ್ಮನಿಯ ಗಾರ್ಮಿಶ್‌ನಲ್ಲಿ ವಿಶ್ವ ಫೈನಲ್ ಆಡುತ್ತಿದ್ದರು. ಎದುರಿಗೆ ಅಮೆರಿಕ. ಕೊನೆಯ ಸುತ್ತಿನಲ್ಲಿ ಅಮೆರಿಕಕ್ಕೆ ಎರಡು ಅಂಕಗಳ ಮುನ್ನಡೆ. ಮೆಲೆಶುಕ್ ಬಿಟ್ಟ ಕೊನೆಯ ಕಲ್ಲು ಎದುರಾಳಿಯ ಕಲ್ಲನ್ನು ಹೊಡೆದು ಉರುಳಿತು. ಗೆದ್ದೆವೆಂದು ಭಾವಿಸಿದ ಅಮೆರಿಕದ ನಾಯಕ ಬಾಬ್ ಲಾಬಾಂಟ್ ಸಂಭ್ರಮದಲ್ಲಿ ಜಿಗಿದರು, ಮಂಜಿನ ಮೇಲೆ ಜಾರಿಬಿದ್ದರು, ಅವರ ಕಾಲು ಕೆನಡಾದ ಕಲ್ಲಿಗೆ ತಾಗಿತು! ಕೆನಡಾಕ್ಕೆ ಎರಡು ಅಂಕ ಸಿಕ್ಕು ಪಂದ್ಯ ಸಮವಾಯಿತು. ಹೆಚ್ಚುವರಿ ಸುತ್ತಿನಲ್ಲಿ ಕೆನಡಾ ಗೆದ್ದಿತು. ಅದಾದ ಮೇಲೆ 1980ರವರೆಗೆ ಕೆನಡಾಕ್ಕೆ ವಿಶ್ವ ಪ್ರಶಸ್ತಿ ದಕ್ಕಲಿಲ್ಲ. ‘ಲಾಬಾಂಟ್ ಶಾಪ’ ಎಂದೇ ಜನ ಅದನ್ನು ಕರೆದರು. ಶಾಪವನ್ನು ನಾನು ನಂಬುವುದಿಲ್ಲ. ಫಲಿತಾಂಶ ಪ್ರಕಟವಾಗುವ ಮುಂಚೆ ಪೇಡೆ ಹಂಚಬಾರದು ಎಂಬುದನ್ನು ಮಾತ್ರ ನಂಬುತ್ತೇನೆ.

ಪ್ರಾಯೋಜಕರ ಕಥೆಯೂ ಸ್ವಾರಸ್ಯಕರ. ಮ್ಯಾನಿಟೋಬಾ ಸ್ಪರ್ಧೆಗೆ ಮೊದಲು ‘ಬ್ರಿಟಿಷ್ ಕಾನ್ಸೋಲ್ಸ್’ ಎಂಬ ಸಿಗರೇಟಿನ ಹೆಸರಿತ್ತು. ಆಮೇಲೆ ಲಾಬಾಟ್ ಬಿಯರ್ ಕಂಪನಿ ಬಂತು, ನಂತರ ಸೇಫ್‌ವೇ ಸೂಪರ್ ಮಾರ್ಕೆಟ್, ಅದರ ಮೇಲೆ ಧಾನ್ಯ ವ್ಯಾಪಾರದ ವಿಟೆರಾ. ಹೊಗೆಸೊಪ್ಪಿನಿಂದ ಕಾಳಿನವರೆಗೆ ಹೆಸರುಗಳು ಬದಲಾದರೂ ಚಳಿಗಾಲದ ಸ್ಪರ್ಧೆ ಮುಂದುವರಿಯಿತು.

ಫೈನಲ್ ಸೋತವನ ಮರುದಿನ

ಜೆಫ್ ಸ್ಟೌಟನ್ ಹತ್ತಕ್ಕೂ ಹೆಚ್ಚು ಬಾರಿ ಮ್ಯಾನಿಟೋಬಾ ಗೆದ್ದವರು. 1996, 1999 ಮತ್ತು 2011ರಲ್ಲಿ ಬ್ರಯರ್, 1996 ಮತ್ತು 2011ರಲ್ಲಿ ವಿಶ್ವ ಪ್ರಶಸ್ತಿ. ಅವರ ಕಾಲದಲ್ಲೇ ಆಡಿದವರು ಮೈಕ್ ಮೆಕ್‌ಯುವನ್. ದೊಡ್ಡ ದೊಡ್ಡ ಟೂರ್ನಿಗಳನ್ನು ಗೆಲ್ಲುತ್ತಿದ್ದ ಮೆಕ್‌ಯುವನ್‌ಗೆ ಸ್ವಂತ ಪ್ರಾಂತ್ಯದ ಫೈನಲ್ ಮಾತ್ರ ಮತ್ತೆ ಮತ್ತೆ ಕೈಕೊಟ್ಟಿತು. ಕೊನೆಗೂ ಗೆದ್ದದ್ದು 2016ರಲ್ಲಿ. ಮರುವರ್ಷ ಮತ್ತೆ ಗೆದ್ದರು.

ಈ ಭಾಗ ಓದುವಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಕೂತೆ. ನಾನು ಎರಡು ಬಾರಿ ಪ್ರಿಲಿಮ್ಸ್ ದಾಟಿ ಮೇನ್ಸ್‌ನಲ್ಲಿ ಉಳಿದವನು. ಪಟ್ಟಿಯಲ್ಲಿ ಹೆಸರಿಲ್ಲ ಎಂದು ತಿಳಿದ ದಿನ ನಮ್ಮಂಥವರು ಏನು ಮಾಡುತ್ತೇವೆ? ಫೋನ್ ಸ್ವಿಚ್ ಆಫ್ ಮಾಡುತ್ತೇವೆ. ಮೆಸ್‌ಗೆ ಜನ ಕಡಿಮೆ ಇರುವ ಹೊತ್ತು ನೋಡಿ ಹೋಗುತ್ತೇವೆ. ಊರಿನ ಹಬ್ಬಕ್ಕೆ ‘ಕ್ಲಾಸ್ ಐತಿ’ ಎಂದು ಸುಳ್ಳು ಹೇಳುತ್ತೇವೆ. ಮೂರು ವರ್ಷ ಓದಿದ ಸಂವಿಧಾನ, ಇತಿಹಾಸ, ಅರ್ಥಶಾಸ್ತ್ರ ಎಲ್ಲವೂ ಒಂದೇ ದಿನದಲ್ಲಿ ರದ್ದಿ ಕಾಗದವಾದಂತೆ ನಡೆದುಕೊಳ್ಳುತ್ತೇವೆ.

ಕರ್ಲಿಂಗ್‌ನಲ್ಲಿ ಸೋತವನಿಗೆ ಬಚ್ಚಿಟ್ಟುಕೊಳ್ಳಲು ಅವಕಾಶವೇ ಇಲ್ಲ. ಪಂದ್ಯ ಮುಗಿದ ಕೂಡಲೇ ಎಂಟೂ ಜನ ಕೈಕುಲುಕಬೇಕು. ಆಮೇಲೆ ಎರಡೂ ತಂಡದವರು ಒಂದೇ ಮೇಜಿನ ಸುತ್ತ ಕೂರುವುದು, ಗೆದ್ದವರು ಸೋತವರಿಗೆ ಕುಡಿಯಲು ಏನಾದರೂ ಕೊಡಿಸುವುದು ಹಳೆಯ ಪದ್ಧತಿ. ಜಾರುವ ಕಲ್ಲಿಗೆ ತನ್ನ ಕಸಬರಿಗೆ ತಾಗಿದರೆ ಆಟಗಾರ ತಾನೇ ಹೇಳಬೇಕೆಂಬ ಮರ್ಯಾದೆಯೂ ಇದೆ. ಮುಖ್ಯವಾಗಿ, ಸೋತ ಮೇಲೂ ಅವನಿಗೆ ಕ್ಲಬ್ ಇರುತ್ತದೆ. ಅಲ್ಲಿ ಹುಡುಗರಿಗೆ ಕಲಿಸುತ್ತಾನೆ, ಮಂಜುಗಡ್ಡೆ ಹದಮಾಡುತ್ತಾನೆ, ವಾರದ ಪಂದ್ಯ ಆಡುತ್ತಾನೆ. ಅವನ ಕೌಶಲ ಊರಿನಲ್ಲೇ ಉಳಿಯುತ್ತದೆ. ಮುಂದೊಂದು ದಿನ ಗೆಲ್ಲುವವನು ಅವನ ಎದುರು ಆಡಿ ಆಡಿಯೇ ಗಟ್ಟಿಯಾಗುತ್ತಾನೆ. 27 ಪ್ರಶಸ್ತಿಗಳ ಗುಟ್ಟು ನನಗೆ ಕಂಡದ್ದು ಇಲ್ಲಿ.

ಎರಡು ಜಗತ್ತುಗಳನ್ನು ಪೂರ್ತಿ ಹೋಲಿಸಲಾಗದು ಎಂಬುದೂ ಗೊತ್ತು. ಅವರಿಗೆ ಆಟ, ನಮಗೆ ಅನ್ನ. ಕರ್ಲಿಂಗ್ ಸೋತ ರೈತನಿಗೆ ಮರುದಿನ ಹೊಲವಿತ್ತು, ಶಿಕ್ಷಕನಿಗೆ ಸಂಬಳವಿತ್ತು. ಇನ್ನೊಂದು ದೊಡ್ಡ ವ್ಯತ್ಯಾಸವೂ ಇದೆ. ಯುದ್ಧದಿಂದ ಬ್ರಯರ್ ನಿಂತ 1943–45ರಂಥ, ಕೋವಿಡ್ ಕಾಡಿದ 2021ರಂಥ ಕಾಲ ಬಿಟ್ಟರೆ ಅವರ ಸ್ಪರ್ಧೆ ಪ್ರತಿ ಚಳಿಗಾಲ ಬರುತ್ತದೆ. ಸೋತವನಿಗೆ ಮುಂದಿನ ಅವಕಾಶ ಯಾವಾಗ ಎಂಬುದು ಗೊತ್ತಿರುತ್ತದೆ. ನಮಗೆ ಅಧಿಸೂಚನೆ ಯಾವಾಗ, ಪರೀಕ್ಷೆ ಯಾವಾಗ, ಫಲಿತಾಂಶ ಯಾವಾಗ ಎಂಬುದೇ ತಿಳಿದಿರುವುದಿಲ್ಲ. ಸೋಲನ್ನು ತಡೆದುಕೊಳ್ಳಬಹುದು, ದಿನಾಂಕವಿಲ್ಲದ ಕಾಯುವಿಕೆಯನ್ನು ತಡೆದುಕೊಳ್ಳುವುದು ಕಷ್ಟ.

ಮ್ಯಾನಿಟೋಬಾದಲ್ಲೂ ಎಲ್ಲವೂ ಹಾಗೇ ಉಳಿದಿಲ್ಲ. ಮೊದಲು ಬ್ರಯರ್‌ಗೆ ಹೋಗಲು ಪ್ರಾಂತ್ಯ ಗೆಲ್ಲುವುದೊಂದೇ ದಾರಿಯಾಗಿತ್ತು. 2015ರಿಂದ ಹಿಂದಿನ ವರ್ಷದ ವಿಜೇತರಿಗೆ ‘ಟೀಮ್ ಕೆನಡಾ’ ಹೆಸರಿನಲ್ಲಿ ನೇರ ಪ್ರವೇಶ ಬಂತು. 2018ರಲ್ಲಿ ವೈಲ್ಡ್ ಕಾರ್ಡ್ ಬಂತು. ಆಟಗಾರರು ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಹೋಗುವುದೂ ಹೆಚ್ಚಿದೆ. ಅದೇ ಮೆಕ್‌ಯುವನ್ 2024ರ ಬ್ರಯರ್ ಫೈನಲ್ ಆಡಿದ್ದು ಸಸ್ಕ್ಯಾಚೆವನ್ ಪರವಾಗಿ. ಮ್ಯಾಟ್ ಡನ್‌ಸ್ಟೋನ್ ನಾಯಕತ್ವದ ಮ್ಯಾನಿಟೋಬಾ ತಂಡ 2023 ಮತ್ತು 2025ರಲ್ಲಿ ಫೈನಲ್ ತಲುಪಿ, ಎರಡೂ ಬಾರಿ ಸೋತಿತು. ಒಂದು ಕಾಲದಲ್ಲಿ ಐದು ವರ್ಷ ಸತತ ಗೆದ್ದ ಪ್ರಾಂತ್ಯಕ್ಕೂ ಕಾಯುವುದು ತಪ್ಪಲಿಲ್ಲ.

ಆದರೆ ನಾವು ಕೈಕಟ್ಟಿ ಕೂರಬೇಕಿಲ್ಲ. ಅಧಿಸೂಚನೆಯ ದಿನಾಂಕ ನಮ್ಮ ಕೈಯಲ್ಲಿಲ್ಲ. ಕ್ಲಬ್ ಕಟ್ಟಿಕೊಳ್ಳುವುದು ಇದೆ. ನಮ್ಮ ಓಣಿಯಲ್ಲಿ ವಯೋಮಿತಿ ಮೀರಿದ ಅಣ್ಣನೊಬ್ಬರಿದ್ದಾರೆ. ಗಣಿತದಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಯಾರೂ ಇಲ್ಲ. ಯಾವ ಆಯ್ಕೆ ಪಟ್ಟಿಯಲ್ಲೂ ಅವರ ಹೆಸರು ಬರಲಿಲ್ಲ. ಈಗ ನಾವು ಒಂಬತ್ತು ಜನ ಪ್ರತಿ ಭಾನುವಾರ ಬೆಳಿಗ್ಗೆ ಅವರ ಬಳಿ ಮೆಂಟಲ್ ಎಬಿಲಿಟಿ ಕಲಿಯುತ್ತೇವೆ. ಮೇನ್ಸ್ ಬರೆದು ಉಳಿದ ನಾನು ಹೊಸಬರಿಗೆ ಪ್ರಬಂಧ ತಿದ್ದಿಕೊಡುತ್ತೇನೆ. ಕಳೆದ ತಿಂಗಳು ನಮ್ಮ ಗುಂಪಿನ ಒಬ್ಬಳು ಆಯ್ಕೆಯಾದಳು. ಆ ಸಂಜೆ ಎಲ್ಲರಿಗೂ ಗಿರ್ಮಿಟ್, ಮಿರ್ಚಿ ಅವಳದೇ ಲೆಕ್ಕ. ಗೆದ್ದವರೇ ಕೊಡಿಸಬೇಕೆಂಬ ನಿಯಮ ಮ್ಯಾನಿಟೋಬಾದಿಂದ ಬಂದದ್ದು ಎಂದು ಹೇಳಿದಾಗ ಆ ಅಣ್ಣ ನಕ್ಕು, ಇನ್ನೊಂದು ಪ್ಲೇಟ್ ಮಿರ್ಚಿ ಹೇಳಿದರು.